ಅಳಿಯನಿಗೆ ಮಾವನ ಮೂರು ತಿಂಗಳ ಲೆಕ್ಕ

ಅಳಿಯಾ,

ಯುಗಾದಿಗೆ ಬಂದಾಗ ನಿನ್ನ ಮೈಕಟ್ಟು ನೋಡಿ ನಿಮ್ಮಮ್ಮ ದೃಷ್ಟಿ ತೆಗೆದಳು. ಚಿಕ್ಕಂದಿನಿಂದ ಮೈಸೂರಿನ ಗರಡಿಯ ಮಟ್ಟಿಯಲ್ಲಿ ಹೊರಳಿ, ಆಮೇಲೆ ಮೂವತ್ತು ವರ್ಷ ಹೈಸ್ಕೂಲು ಹುಡುಗರಿಗೆ ಡ್ರಿಲ್ಲು ಹೇಳಿಕೊಟ್ಟವನು ನಾನು. ನಾನೂ ಒಳಗೊಳಗೇ ಹಿಗ್ಗಿದೆ. ರಾತ್ರಿ ಜಗಲಿಯ ಮೇಲೆ ಕೂತು ನೀನು, “ಮದುವೆಯಾಗಿ ಮೂರು ವರ್ಷ ಆಯ್ತು ಮಾವ, ಇನ್ನೂ ಏನೂ ಇಲ್ಲ. ಡಾಕ್ಟರು ಅವಳಿಗೆ ಸ್ಕ್ಯಾನಿಂಗ್ ಬರೆದಿದ್ದಾರೆ” ಅಂದೆ. ನಿನಗೇನು ಬರೆದಿದ್ದಾರೆ ಅಂತ ಕೇಳಿದ್ದಕ್ಕೆ, “ನನಗ್ಯಾಕೆ? ದಿನಾ ಜಿಮ್‌ಗೆ ಹೋಗ್ತೀನಲ್ಲ” ಅಂತ ನಕ್ಕೆ.

ಒಂದು ಕಾಲಕ್ಕೆ ನಾನೂ ಹಾಗೇ ನಕ್ಕವನು. ಇಂಥ ಮಾತು ಅಪ್ಪ-ಮಗನ ನಡುವೆ ಬರುವುದಿಲ್ಲ. ಸೋದರಮಾವನಿಗೆ ಆ ಸಲುಗೆ ಇದೆ. ಗರಡಿಯಲ್ಲಿ ಕಲಿತದ್ದು, ಆಮೇಲೆ ಡಾಕ್ಟರುಗಳ ಬಾಯಿಂದ ಕೇಳಿ, ಓದಿ ತಿದ್ದಿಕೊಂಡದ್ದು, ಎರಡನ್ನೂ ಸೇರಿಸಿ ಬರೆದಿದ್ದೇನೆ.

• ಮೊದಲು ಮೂರು ತಿಂಗಳ ಲೆಕ್ಕ ತಿಳಿದುಕೋ. ವೃಷಣದಲ್ಲಿ ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು. ಅದು ನಾಳದಲ್ಲಿ ಸಾಗಿ ಬಲಿತು ಹೊರಬರಲು ಇನ್ನೊಂದೆರಡು ವಾರ. ಅಂದರೆ ಇವತ್ತು ನೀನು ನಡೆದದ್ದು, ತಿಂದದ್ದು, ನಿದ್ದೆಗೆಟ್ಟದ್ದು ಕಾಣಿಸಿಕೊಳ್ಳುವುದು ಮೂರು ತಿಂಗಳ ಮೇಲೆ. ರಾಗಿ ಬಿತ್ತಿದ ಮರುವಾರವೇ ಕುಡುಗೋಲು ಹಿಡಿದು ಹೊಲಕ್ಕೆ ಹೋಗುವವರುಂಟೆ? ಹೋದ ತಿಂಗಳು ಮೂರು ದಿನ ಕಾದ ಜ್ವರವೂ ಈ ತಿಂಗಳ ರಿಪೋರ್ಟನ್ನು ಕೆಡಿಸೀತು, ನೆನಪಿರಲಿ.

• ಕೂತೇ ಇರಬೇಡ. ಅಮೆರಿಕದ ರಾಚೆಸ್ಟರ್ ಊರಿನಲ್ಲಿ 189 ಯುವಕರನ್ನು ಪರೀಕ್ಷಿಸಿ 2013ರಲ್ಲಿ ಒಂದು ವರದಿ ಬಂತು. ವಾರಕ್ಕೆ 15 ಗಂಟೆ ಅಥವಾ ಹೆಚ್ಚು ಮೈಬಗ್ಗಿಸಿದವರ ವೀರ್ಯಾಣು ಸಾಂದ್ರತೆ, 5 ಗಂಟೆಗೂ ಕಡಿಮೆ ಮಾಡಿದವರಿಗಿಂತ ಶೇ. 73 ಹೆಚ್ಚು. ವಾರಕ್ಕೆ 20 ಗಂಟೆಗೂ ಮೀರಿ ಟೀವಿ ನೋಡಿದವರದ್ದು, ನೋಡದವರಿಗಿಂತ ಶೇ. 44 ಕಡಿಮೆ. ಆದರೆ ವೀರ್ಯಾಣುವಿನ ಚಲನೆ, ಆಕಾರಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ವ್ಯಾಯಾಮ ಒಳ್ಳೆಯದು, ಆದರೆ ಮಂತ್ರದಂಡ ಅಲ್ಲ. ನೀನು ಬೆಳಿಗ್ಗೆ ಒಂದು ಗಂಟೆ ಕಬ್ಬಿಣ ಎತ್ತಿ ಹತ್ತು ಗಂಟೆ ಕಂಪ್ಯೂಟರ್ ಮುಂದೆ ಕೂತರೆ, ಆ ಹತ್ತು ಗಂಟೆಯೂ ಲೆಕ್ಕಕ್ಕೆ ಬರುತ್ತದೆ.

• ಹದ ಎಷ್ಟು ಅಂದರೆ ಇಷ್ಟು. ವಾರಕ್ಕೆ 150ರಿಂದ 300 ನಿಮಿಷ ಬಿರುಸಾದ ನಡಿಗೆಯೋ ಹಗುರ ಓಟವೋ ಈಜೋ, ಜೊತೆಗೆ ಎರಡು ದಿನ ದಂಡ, ಬಸ್ಕಿ ಅಥವಾ ತೂಕ. ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ದೊಡ್ಡವರಿಗೂ ಹೇಳುವುದು ಇದನ್ನೇ. ನಡೆಯುವಾಗ ಪಕ್ಕದವನ ಜೊತೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಆ ಬಿರುಸು ಸಾಕು.

• ಸೊಂಟದ ಸುತ್ತಳತೆ ನೋಡು, ತೋಳಿನದಲ್ಲ. ಗಂಡಸಿನ ಹಾರ್ಮೋನು ಟೆಸ್ಟೊಸ್ಟೆರಾನನ್ನು ಈಸ್ಟ್ರೋಜನ್ ಆಗಿ ಮಾರ್ಪಡಿಸುವ ಕಿಣ್ವ ಬೊಜ್ಜಿನಲ್ಲಿದೆ. ಬೊಜ್ಜು ಬೆಳೆದಷ್ಟೂ ಈ ಮಾರ್ಪಾಟು ಹೆಚ್ಚು. ಹೊಟ್ಟೆ, ತೊಡೆಸಂದಿಯ ಕೊಬ್ಬು ವೃಷಣಕ್ಕೆ ಕಾವನ್ನೂ ಕೂಡಿಸುತ್ತದೆ. ತೋಳು ದಪ್ಪವಾಗಿ ಹೊಟ್ಟೆಯೂ ಹಾಗೇ ಇದ್ದರೆ ವ್ಯಾಯಾಮ ಅರ್ಧವೇ ಆದಂತೆ.

• ಅತಿ ಮಾಡಬೇಡ. ಹೊಟ್ಟೆಗೆ ಸಾಲದಷ್ಟು ತಿಂದು, ನಿದ್ದೆ ಬಿಟ್ಟು, ತಿಂಗಳುಗಟ್ಟಲೆ ದೂರದ ಓಟಕ್ಕೆ ತಯಾರಾಗುವವರಲ್ಲಿ ಟೆಸ್ಟೊಸ್ಟೆರಾನ್ ಇಳಿಯುವುದುಂಟು. ದೇಹಕ್ಕೆ ಇದು ಬರಗಾಲದಂತೆ. ಬರಗಾಲದಲ್ಲಿ ಯಾವ ಮೈಯೂ ಸಂತಾನದ ಯೋಚನೆ ಮಾಡುವುದಿಲ್ಲ. ಹೆಂಡತಿಯ ಪಕ್ಕ ಮಲಗಿದರೂ ಆಸೆ ಹುಟ್ಟದೆ ಇದ್ದರೆ, ಬೆಳಗಿನ ಸಹಜ ಉದ್ರೇಕ ವಾರಗಟ್ಟಲೆ ಕಾಣದೆ ಹೋದರೆ, ಸುಮ್ಮಸುಮ್ಮನೆ ಸಿಡುಕು ಬಂದರೆ ಓಟ ಕಡಿಮೆ ಮಾಡು, ಊಟ ಜಾಸ್ತಿ ಮಾಡು. ನಮ್ಮ ಉಸ್ತಾದರು ವಾರದಲ್ಲಿ ಒಂದು ದಿನ ಗರಡಿಗೆ ಬೀಗ ಹಾಕುತ್ತಿದ್ದರು. ಸೋಮಾರಿತನ ಅಂದುಕೊಂಡಿದ್ದೆ, ಅದೂ ಸಾಮಿನ ಒಂದು ಭಾಗ ಅಂತ ಅರ್ಥವಾದದ್ದು ತಡವಾಗಿ.

• ಈಗ ಮುಖ್ಯ ಮಾತಿಗೆ ಬರುತ್ತೇನೆ. ನೀನು ಹೊರಟ ಬೆಳಿಗ್ಗೆ ಬಚ್ಚಲಿನ ಗೂಡಿನಲ್ಲಿ ಒಂದು ಚಿಕ್ಕ ಚೀಲವಿತ್ತು. ನನ್ನ ಶೇವಿಂಗ್ ಸೆಟ್ಟು ಅಂದುಕೊಂಡು ಜಿಪ್ ಎಳೆದೆ. ಹತ್ತಿ, ಎರಡು ಸಿರಿಂಜು, ಹರಳೆಣ್ಣೆಯಂತೆ ಮಂದವಾದ ಹಳದಿ ದ್ರವದ ಒಂದು ಪುಟ್ಟ ಸೀಸೆ. ಕನ್ನಡಕ ತಂದು ಓದಿದೆ: ಟೆಸ್ಟೊಸ್ಟೆರಾನ್. ಅದನ್ನು ಇದ್ದ ಹಾಗೇ ಮುಚ್ಚಿ ನಿನ್ನ ಬ್ಯಾಗಿನ ಪಕ್ಕ ಇಟ್ಟೆ. ಆಗ ಏನೂ ಅನ್ನಲಿಲ್ಲ, ಈಗ ಅನ್ನುತ್ತೇನೆ. 1990ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 7 ದೇಶಗಳ 271 ಆರೋಗ್ಯವಂತ ಗಂಡಸರ ಮೇಲೆ ನಡೆಸಿದ ಪ್ರಯೋಗವೊಂದು ಪ್ರಕಟವಾಯಿತು. ವಾರಕ್ಕೊಮ್ಮೆ 200 ಮಿಲಿಗ್ರಾಂ ಟೆಸ್ಟೊಸ್ಟೆರಾನ್ ಚುಚ್ಚಿದರು. ಆರು ತಿಂಗಳೊಳಗೆ 157 ಜನರ ವೀರ್ಯದಲ್ಲಿ ವೀರ್ಯಾಣುವೇ ಇಲ್ಲವಾಯಿತು. ಅವರು ಪರೀಕ್ಷಿಸುತ್ತಿದ್ದದ್ದು ಏನನ್ನು ಗೊತ್ತೇ? ಗಂಡಸರ ಸಂತಾನ ನಿಯಂತ್ರಣದ ಔಷಧಿಯನ್ನು! ಮಗು ಬೇಕು ಅಂತ ಹೆಂಡತಿಗೆ ಸ್ಕ್ಯಾನಿಂಗ್ ಮಾಡಿಸುತ್ತಾ, ನೀನು ಮಗು ಆಗದ ಸೂಜಿ ಚುಚ್ಚಿಕೊಳ್ಳುತ್ತಿದ್ದೀಯ.

• ಅದು ಹೇಗೆ ಅಂತ ಕೇಳುತ್ತೀಯ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ವೃಷಣಕ್ಕೆ “ಕೆಲಸ ಮಾಡು” ಅಂತ ಎರಡು ಹಾರ್ಮೋನುಗಳ ಮೂಲಕ ಹೇಳಿ ಕಳಿಸುತ್ತದೆ. ಹೊರಗಿನಿಂದ ಸರಕು ಬಂದು ರಕ್ತ ತುಂಬಿತು ಅಂದಾಗ ಅದು ಹೇಳಿ ಕಳಿಸುವುದನ್ನೇ ನಿಲ್ಲಿಸುತ್ತದೆ. ವೀರ್ಯಾಣು ತಯಾರಿಗೆ ವೃಷಣದ ಒಳಗೆ ರಕ್ತದಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಟೆಸ್ಟೊಸ್ಟೆರಾನ್ ಬೇಕು. ಅದು ಅಲ್ಲೇ ತಯಾರಾಗಬೇಕು. ಆ ಒಲೆ ಆರಿಹೋಗುತ್ತದೆ, ವೃಷಣ ಕುಗ್ಗುತ್ತದೆ. ಕನ್ನಡಿಯಲ್ಲಿ ಮಾತ್ರ ಎದೆ ಉಬ್ಬಿರುತ್ತದೆ. ನಿಲ್ಲಿಸಿದ ಮೇಲೆ ಬಹುಪಾಲು ಜನರಿಗೆ ಸರಿಹೋಗುತ್ತದೆ, ಆದರೆ ಆರು ತಿಂಗಳಿಂದ ಎರಡು ವರ್ಷ ಹಿಡಿದೀತು. ಏಕಾಏಕಿ ಬಿಟ್ಟರೆ ಸುಸ್ತು, ಮಂಕು ಕವಿಯುವುದುಂಟು. ಅದಕ್ಕೇ ಡಾಕ್ಟರನ್ನು ಕಂಡು, ಅವರ ಕಣ್ಣೆದುರು ಬಿಡು. ಪ್ರೋಟೀನ್ ಪುಡಿ ಅಂಥ ಪಾಪವೇನಲ್ಲ, ಆದರೆ ಜಿಮ್‌ನ ಮೂಲೆಯಲ್ಲಿ ಲೇಬಲ್ಲಿಲ್ಲದೆ ಮಾರುವ ಪುಡಿ-ಮಾತ್ರೆಗಳಲ್ಲೂ ಇದೇ ಸರಕು ಬೆರೆತಿರಬಹುದು.

• ಕೆಳಗೆ ತಂಪಾಗಿರಲಿ. ವೃಷಣ ದೇಹದ ಹೊರಗೆ ಜೋತಾಡುವುದಕ್ಕೆ ಕಾರಣವಿದೆ: ಮೈಕಾವಿಗಿಂತ 2ರಿಂದ 4 ಡಿಗ್ರಿ ತಣ್ಣಗಿದ್ದರೆ ಅದರ ಕೆಲಸ ಸಲೀಸು. ಸಾಮು ಮಾಡುವಾಗ ಲಂಗೋಟಿ ಬಿಗಿಯಾಗಿರಲಿ, ಮುಗಿದ ಮೇಲೆ ಬಿಚ್ಚು. ನಿನ್ನ ಬಿಗಿ ಚಡ್ಡಿಗೂ ಇದೇ ಮಾತು. ಹಾರ್ವರ್ಡಿನವರು 2018ರಲ್ಲಿ 656 ಗಂಡಸರನ್ನು ನೋಡಿದಾಗ, ಸಡಿಲ ಚಡ್ಡಿಯವರ ವೀರ್ಯಾಣು ಸಾಂದ್ರತೆ ಶೇ. 25 ಹೆಚ್ಚಿತ್ತು. ಜಿಮ್ ಆದ ಮೇಲೆ ಸ್ಟೀಮು, ಬಿಸಿನೀರ ತೊಟ್ಟಿ, ತೊಡೆಯ ಮೇಲೆ ಲ್ಯಾಪ್‌ಟಾಪು ಈಗ ಸ್ವಲ್ಪ ದಿನ ಬೇಡ.

• ಸೈಕಲ್ ಬಿಡಬೇಡ, ಸೀಟು ಬದಲಿಸು. ಭಾನುವಾರ ನಂದಿ ಬೆಟ್ಟಕ್ಕೆ ತುಳಿದುಕೊಂಡು ಹೋಗುತ್ತೀಯಂತೆ. ಬಾಸ್ಟನ್ನಿನ 2011ರ ಒಂದು ಅಧ್ಯಯನದಲ್ಲಿ, ವಾರಕ್ಕೆ 5 ಗಂಟೆ ಅಥವಾ ಹೆಚ್ಚು ತುಳಿಯುವವರಲ್ಲಿ ವೀರ್ಯಾಣು ಕಡಿಮೆ ಕಂಡಿತು. ಬ್ರಿಟನ್ನಿನ ಐದು ಸಾವಿರ ಸೈಕಲ್ ಸವಾರರನ್ನು ಕೇಳಿದ 2014ರ ಇನ್ನೊಂದರಲ್ಲಿ ಬಂಜೆತನಕ್ಕೂ ಸೈಕಲ್ಲಿಗೂ ನಂಟು ಕಾಣಲಿಲ್ಲ. ಅದಕ್ಕೇ ಹೆದರಬೇಡ. ಅಗಲ ಸೀಟು ಹಾಕಿಸು, ಆಗಾಗ ಎದ್ದು ನಿಂತು ತುಳಿ, ಮರಗಟ್ಟಿತು ಅನ್ನಿಸಿದರೆ ಇಳಿದು ನಡಿ.

• ಗರಡಿಯ ಒಂದು ಮಾತನ್ನು ನಂಬಬೇಡ. “ವೀರ್ಯ ಕೂಡಿಟ್ಟಷ್ಟೂ ಬಲ” ಅಂತ ನಮಗೆ ಹೇಳುತ್ತಿದ್ದರು. ಕೂಡಿಟ್ಟರೆ ಎಣಿಕೆ ಏರೀತು, ಆದರೆ ಹಳತಾದ ವೀರ್ಯಾಣು ಈಜುವುದು ಕಡಿಮೆ. ಅಂಡ ಬಿಡುಗಡೆಯಾಗುವ ದಿನ ಮತ್ತು ಅದರ ಹಿಂದಿನ ಐದು ದಿನ ಫಲದ ಕಾಲ. ಆಗ ದಿನ ಬಿಟ್ಟು ದಿನವಾದರೂ ಕೂಡಿ. ತಿಂಗಳಿಗೊಂದು ಮುಹೂರ್ತ ಇಟ್ಟುಕೊಂಡು ಕಾಯುವ ಕೆಲಸವಲ್ಲ ಇದು.

• ಗುಟ್ಕಾ, ಸಿಗರೇಟು ಇದ್ದರೆ ಬಿಡು. ಒಂದು ಕೈಯಲ್ಲಿ ಡಂಬೆಲ್ಲು, ಇನ್ನೊಂದು ಕೈಯಲ್ಲಿ ಅದು, ಎರಡೂ ಸೇರಿ ಹೋಗುವುದಿಲ್ಲ.

• ಕೊನೆಗೆ, ನೀನೂ ಪರೀಕ್ಷೆ ಮಾಡಿಸಿಕೋ. ನಿಮ್ಮತ್ತೆ ಆರು ವರ್ಷ ನಾಗರಕಟ್ಟೆ ಸುತ್ತಿದಳು. ಕಷಾಯ ಕುಡಿದಳು, ನೆಂಟರ ಮನೆಯ ಸೀಮಂತಗಳಲ್ಲಿ ಹಿಂದಿನ ಸಾಲಿನಲ್ಲಿ ಕೂತಳು. ನಾನು ದಿನಕ್ಕೆ ಐನೂರು ಬಸ್ಕಿ ಹೊಡೆಯುತ್ತಾ, ತಪ್ಪು ನನ್ನದಿರಲಾರದು ಅಂತ ಎದೆಯುಬ್ಬಿಸಿ ಓಡಾಡಿದೆ. ಕೊನೆಗೊಬ್ಬ ಡಾಕ್ಟರಮ್ಮ, “ಮೊದಲು ನಿಮ್ಮದು ಮಾಡಿಸಿ ಬನ್ನಿ” ಅಂದರು. ವೃಷಣದ ಮೇಲಿನ ರಕ್ತನಾಳ ಉಬ್ಬಿತ್ತು, ವೆರಿಕೋಸೀಲ್ ಅಂದರು. ಸುಮಾರು ನೂರಕ್ಕೆ ಹದಿನೈದು ಗಂಡಸರಲ್ಲಿ ಇರುವಂಥದ್ದು. ಸಣ್ಣ ಆಪರೇಷನ್ ಆಯಿತು, ಎರಡನೇ ವರ್ಷಕ್ಕೆ ನಿನ್ನ ಅತ್ತೆಮಗಳು ಹುಟ್ಟಿದಳು. ಆ ಆರು ವರ್ಷವನ್ನು ನಿಮ್ಮತ್ತೆಗೆ ವಾಪಸ್ಸು ಕೊಡುವ ಯಾವ ಸಾಮೂ ನನಗೆ ಗೊತ್ತಿಲ್ಲ.

• ಪರೀಕ್ಷೆ ದೊಡ್ಡದೇನಲ್ಲ. ಎರಡರಿಂದ ಏಳು ದಿನ ಸಂಯಮವಿದ್ದು ಹೋಗು. ಮಿಲಿಲೀಟರಿಗೆ 1 ಕೋಟಿ 60 ಲಕ್ಷ, ಒಟ್ಟು 3 ಕೋಟಿ 90 ಲಕ್ಷ ವೀರ್ಯಾಣು, ಅದರಲ್ಲಿ ಶೇ. 42 ಚಲಿಸುತ್ತಿರಬೇಕು; ಇವು ಕೆಳಗಿನ ಗೆರೆಗಳು. ಒಂದು ರಿಪೋರ್ಟು ಕೆಟ್ಟು ಬಂದರೆ ಕೈಚೆಲ್ಲಬೇಡ, ಇನ್ನೊಮ್ಮೆ ಮಾಡಿಸು. ವರ್ಷ ಪ್ರಯತ್ನಿಸಿಯೂ ಆಗದಿದ್ದರೆ, ಹೆಂಡತಿಗೆ 35 ದಾಟಿದ್ದರೆ ಆರೇ ತಿಂಗಳಿಗೆ, ಇಬ್ಬರೂ ತೋರಿಸಬೇಕು. ನಾಳ ಕಟ್ಟಿದ್ದರೆ, ಹುಟ್ಟಿನಿಂದಲೇ ತೊಂದರೆ ಇದ್ದರೆ ಯಾವ ವ್ಯಾಯಾಮವೂ ಅದನ್ನು ಬಿಡಿಸುವುದಿಲ್ಲ; “ಇನ್ನಾರು ತಿಂಗಳು ಜಿಮ್ ಮಾಡಿ ನೋಡೋಣ” ಅಂತ ದಿನ ತಳ್ಳಬೇಡ.

ಬರುವ ವಾರ ಅವಳ ಸ್ಕ್ಯಾನಿಂಗ್ ಅಂದೆಯಲ್ಲ. ಒಬ್ಬಳನ್ನೇ ಕಳಿಸಬೇಡ, ರಜ ಹಾಕಿ ನೀನೂ ಹೋಗು. ಆ ಸೀಸೆಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಅವಳ ಎದುರಿಗೇ ಡಾಕ್ಟರ ಮೇಜಿನ ಮೇಲೆ ಇಡು. ನೂರು ದಂಡ ಹೊಡೆಯುವುದಕ್ಕಿಂತ ಅದು ಕಷ್ಟ, ಗೊತ್ತು. ಮೂರು ತಿಂಗಳ ಲೆಕ್ಕ ಶುರುವಾಗುವುದು ಅಲ್ಲಿಂದಲೇ.

ನಿನ್ನ
ಮಾವ