ಫ್ಲಾಪಿ ಸತ್ತ ಮೇಲೆ ಅದರ ಖರ್ಚು

ಬೆಲೆ ಕೊಡದೆ ದೊರಕುವ ತಂತ್ರಾಂಶಗಳು ಈಗ ಬಹಳ ಉಂಟು. ಅವುಗಳ ಮೂಲವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಬೆಲೆಯಿಲ್ಲದ ಮೇಲೆ ಖರ್ಚೂ ಇಲ್ಲವೆಂದು ನಮ್ಮ ಗುಮಾಸ್ತ ಮಿತ್ರರಲ್ಲಿ ಕೆಲವರು ಭಾವಿಸಿರುವುದುಂಟು. ಆ ಖರ್ಚು ಎಲ್ಲಿ ಅಡಗಿರುತ್ತದೆಂಬುದನ್ನು ಇಲ್ಲಿ ನೋಡೋಣ.

ಒಂದು ಕಚೇರಿ ಇದೆಯೆಂದು ಇಟ್ಟುಕೊಳ್ಳಿರಿ. ಅಲ್ಲಿಯ ಜಮಾಖರ್ಚಿನ ಕಾರ್ಯಕ್ರಮವು ವಿಂಡೋಸ್ ಎಕ್ಸ್‌ಪಿಯಲ್ಲಿ ಮಾತ್ರ ನಡೆಯುತ್ತದೆ. ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ಬೆಂಬಲ 2014ರ ಏಪ್ರಿಲಿನಲ್ಲಿಯೇ ಮುಗಿಯಿತು. ಹಳೆಯ ಯಂತ್ರವೂ ಕೆಟ್ಟಿತು. ಆಗ ಹೊಸ ಗಣಕಯಂತ್ರದೊಳಗೆ ಹಳೆಯದರಂತೆ ನಟಿಸುವ ಇನ್ನೊಂದು ಗಣಕವನ್ನು ಬರಿಯ ತಂತ್ರಾಂಶದಿಂದ ಕಟ್ಟುತ್ತಾರೆ. ಇದಕ್ಕೆ ವರ್ಚುವಲ್ ಮಷೀನ್ ಎಂದು ಹೆಸರು. 2003ರಲ್ಲಿ ಫ್ರಾನ್ಸಿನ ಫಾಬ್ರೀಸ್ ಬೆಲ್ಲಾರ್ ಹೊರತಂದ ಕ್ಯೂಎಮು, 2007ರಲ್ಲಿ ಲಿನಕ್ಸಿನೊಳಗೆ ಸೇರಿದ ಕೆವಿಎಂ, ಇವೆರಡನ್ನೂ ಕೂಡಿಸಿ ಈ ಕೆಲಸ ಮಾಡುವುದು ವಾಡಿಕೆ.

ಒಳಗಿರುವ ಎಕ್ಸ್‌ಪಿಯು ಡಿಸ್ಕಿನೊಡನೆ ಮಾತನಾಡಬೇಕಾದರೆ ಡ್ರೈವರ್ ಎಂಬ ದುಭಾಷಿ ಬೇಕು. ಆಚೆ ಕಡೆ ಡಿಸ್ಕಿನ ವೇಷ ತೊಟ್ಟು ಉತ್ತರ ಕೊಡುವ ತಂತ್ರಾಂಶವೂ ಬೇಕು. ಹೀಗೆ ಒಂದೊಂದು ಸಾಧನಕ್ಕೂ ಎರಡು ಕಡೆಯ ಪಾಲನೆ. 2008ರಲ್ಲಿ ಲಿನಕ್ಸಿಗೆ ಸೇರಿದ ವರ್ಟ್‌ಐಒ ಎಂಬ ಏರ್ಪಾಡು ಈ ಸಂಭಾಷಣೆಯನ್ನು ಸರಳಗೊಳಿಸಿ ವೇಗ ಹೆಚ್ಚಿಸಿತು, ನಿಜ. ಆದರೂ ಹೊಸ ವಿಂಡೋಸ್ ಬಂದಾಗಲೆಲ್ಲ ಅದರ ಡ್ರೈವರನ್ನು ಮತ್ತೆ ಪರೀಕ್ಷಿಸಲೇಬೇಕು. ಹೊಸ ಡ್ರೈವರುಗಳಿಗೆ ಮೈಕ್ರೋಸಾಫ್ಟಿನ ಡಿಜಿಟಲ್ ಸಹಿಯೂ ಬೇಕೆಂದು ವಿಂಡೋಸ್ 10ರಲ್ಲಿ 2016ರಿಂದ ನಿಯಮವಾಯಿತು. ಬರೆಯುವ ಕೆಲಸ ಒಮ್ಮೆ ಮುಗಿದೀತು. ಪರೀಕ್ಷಿಸುವ ಕೆಲಸ ಮುಗಿಯುವುದಿಲ್ಲ.

ಎಕ್ಸ್‌ಪಿಯ ಸ್ವಭಾವ ಇನ್ನೂ ಹಟದ್ದು. ಅದನ್ನು ವರ್ಟ್‌ಐಒ ಡಿಸ್ಕಿನ ಮೇಲೆ ಸ್ಥಾಪಿಸುವಾಗ ಎಫ್ 6 ಕೀಲಿಯನ್ನೊತ್ತಿ ಡ್ರೈವರನ್ನು ಫ್ಲಾಪಿಯಿಂದಲೇ ಕೊಡಬೇಕು, ಸಿ.ಡಿ.ಯಿಂದ ಕೊಟ್ಟರೆ ಒಪ್ಪದು. ಆದುದರಿಂದ ಆ ಡ್ರೈವರುಗಳನ್ನು ಫ್ಲಾಪಿಯ ಪ್ರತಿರೂಪದಲ್ಲಿಯೂ ಹಂಚಬೇಕಾಯಿತು. ಅಂಗಡಿಯಲ್ಲಿ ಫ್ಲಾಪಿ ಕಾಣೆಯಾದರೂ ನಟನೆಯ ಯಂತ್ರದಲ್ಲಿ ಅದು ಉಳಿಯಿತು.

ಉಳಿದದ್ದರ ಫಲ 2015ರ ಮೇ ತಿಂಗಳಲ್ಲಿ ಗೊತ್ತಾಯಿತು. ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಸಂಸ್ಥೆಯ ಜೇಸನ್ ಗೆಫ್ನರ್ ಎಂಬವರು ಕ್ಯೂಎಮುವಿನ ಫ್ಲಾಪಿ ಭಾಗದಲ್ಲಿ ಒಂದು ದೋಷವನ್ನು ಕಂಡುಹಿಡಿದರು. ಫ್ಲಾಪಿಗೆ ಬರುವ ಆಜ್ಞೆಗಳನ್ನು ತುಂಬಿಡಲು 512 ಬೈಟುಗಳ ಒಂದು ಪಾತ್ರೆ. ಕೆಲವು ಆಜ್ಞೆಗಳ ಬಳಿಕ ಅದನ್ನು ಬರಿದುಮಾಡುವ ಏರ್ಪಾಡು ತಪ್ಪಿತ್ತು. ಸುರಿಯುತ್ತ ಹೋದರೆ ಅಂಚು ಮೀರಿ ಚೆಲ್ಲುತ್ತಿತ್ತು, ಒಳಗಿನ ಗಣಕದಲ್ಲಿ ಅಧಿಕಾರವಿದ್ದ ಕೇಡಿಗನು ಹೊರಗಿನ ಯಂತ್ರಕ್ಕೇ ದಾಟಬಹುದಾಗಿತ್ತು. ಈ ದೋಷ 2004ರಿಂದಲೂ ಇತ್ತು! ಹನ್ನೊಂದು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. ಅದೇ ಫ್ಲಾಪಿ ಬರೆಹವನ್ನು ಬಳಸಿದ್ದ ಕ್ಸೆನ್ ಮತ್ತು ವರ್ಚುವಲ್‌ಬಾಕ್ಸ್‌ಗಳಿಗೂ ಅಪಾಯ ತಟ್ಟಿತು. ಫ್ಲಾಪಿ ಬೇಡವೆಂದು ತೆಗೆದುಹಾಕಿದ್ದರೂ, ಕ್ಯೂಎಮು ಮತ್ತು ಕ್ಸೆನ್‌ಗಳಲ್ಲಿ ಇನ್ನೊಂದು ದೋಷದ ದೆಸೆಯಿಂದ ಆ ಭಾಗ ಎಚ್ಚರವಾಗಿಯೇ ಇರುತ್ತಿತ್ತು.

ಇಂಥದನ್ನು ಕಾಯುವವರಾರು? ಕ್ಯೂಎಮುವಿನಲ್ಲಿ ಪಾಲಕರ ಪಟ್ಟಿಯೊಂದುಂಟು. ಪ್ರತಿಯೊಂದು ಭಾಗದ ಮುಂದೆಯೂ ಅದರ ಸ್ಥಿತಿ ಬರೆದಿರುತ್ತದೆ: ಸಂಬಳ ಪಡೆದು ನೋಡಿಕೊಳ್ಳುವವರಿರುವುದು, ಯಾರಾದರೂ ನೋಡಿಕೊಳ್ಳುವವರಿರುವುದು, ಆಗೊಮ್ಮೆ ಈಗೊಮ್ಮೆ ರಿಪೇರಿಯಾಗುವುದು, ಅನಾಥ. ಇಷ್ಟು ಪ್ರಾಮಾಣಿಕವಾದ ಪಟ್ಟಿ ನಮ್ಮ ಎಷ್ಟು ಸಾರ್ವಜನಿಕ ಕೆಲಸಗಳಿಗಿದೆ? ಸಂಬಳದ ಹಣ ಬಹುಮಟ್ಟಿಗೆ ದೊಡ್ಡ ಸಂಸ್ಥೆಗಳದು. ಕೆವಿಎಂ ಹುಟ್ಟಿದ ಕುಮ್ರಾನೆಟ್ ಸಂಸ್ಥೆಯನ್ನು ರೆಡ್ ಹ್ಯಾಟ್ 2008ರಲ್ಲಿ 10 ಕೋಟಿ 70 ಲಕ್ಷ ಡಾಲರಿಗೆ ಕೊಂಡಿತು. ಆ ರೆಡ್ ಹ್ಯಾಟಿನ ಇಂಜಿನಿಯರುಗಳ ಕಚೇರಿಯೊಂದು ನಮ್ಮ ಪುಣೆಯಲ್ಲಿಯೂ ಉಂಟು. ಇಂಥ ಸಂಸ್ಥೆಗಳು ತಮ್ಮ ಗಿರಾಕಿಗಳಿಗೆ ಬೇಕಾದುದನ್ನು ಮೊದಲು ನೋಡಿಕೊಳ್ಳುವುದು ಸಹಜ. ಎಕ್ಸ್‌ಪಿಯಲ್ಲಿ ಲೆಕ್ಕ ಬರೆಯುವ ಸಣ್ಣ ಕಚೇರಿ ಆ ಗಿರಾಕಿಗಳಲ್ಲಿಲ್ಲ.

2019ರ ಜುಲೈಯಲ್ಲಿ ಲೀನಸ್ ಟೊರ್ವಾಲ್ಡ್ಸ್ ಲಿನಕ್ಸಿನ ಫ್ಲಾಪಿ ಡ್ರೈವರನ್ನು ಅನಾಥವೆಂದು ಬರೆದರು. ಅದರ ಪಾಲಕರ ಬಳಿ ನಡೆಯುವ ಫ್ಲಾಪಿ ಯಂತ್ರವೇ ಉಳಿದಿರಲಿಲ್ಲ. ಬಳಿಕ ಇನ್ನೊಬ್ಬರು ತಾವಾಗಿ ಮುಂದೆ ಬಂದು ವಹಿಸಿಕೊಂಡರು. ಕ್ಯೂಎಮುವಿನಲ್ಲಿ ಯಾವುದಾದರೊಂದು ಭಾಗವನ್ನು ಕೈಬಿಡುವುದಾದರೆ ಮೊದಲು ಸೂಚನೆ ಕೊಟ್ಟು, ಎರಡು ಆವೃತ್ತಿಗಳವರೆಗಾದರೂ ಕಾಯುತ್ತಾರೆ. ವರ್ಷಕ್ಕೆ ಸುಮಾರು ಮೂರು ಆವೃತ್ತಿ ಬರುವುದರಿಂದ ಈ ಅವಧಿ ಒಂದು ವರ್ಷಕ್ಕೂ ಕಡಿಮೆ. ಇಂಥ ಕಚೇರಿಯಲ್ಲಿ ದುಡಿಯುವವರು ಯಂತ್ರ ನಡೆಯುತ್ತಿರುವಾಗಲೇ ಹಳೆಯ ಲೆಕ್ಕಗಳನ್ನೆಲ್ಲ ಸಾದಾ ಅಕ್ಷರದ ಫೈಲುಗಳಾಗಿ ಹೊರತೆಗೆದು, ಒಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ಇಡತಕ್ಕದ್ದು. ಆ ಎಕ್ಸ್‌ಪಿಗೆ ಇಂಟರ್‌ನೆಟ್ಟಿನ ಸಂಪರ್ಕ ಕೊಡಕೂಡದು.