ಕರೆಯದೆ ಬಂದ ನೆಂಟ: ಪುಟ್ಟ ನಕ್ಷತ್ರ ಮೀನು
(ವಿಜ್ಞಾನ ಪಾಠ)

ಗುಡ್ಡೆಗೆ ಹೋಗಿ ಬಂದರೆ ಅಂಟುವ ಹುಲ್ಲಿನ ಬೀಜ ನಮ್ಮ ಬಟ್ಟೆ ಹಿಡಿದು ಮನೆವರೆಗೆ ಬರುತ್ತದೆ. ಕೆರೆಯ ನೀರುಗಿಡ ತಂದು ಮೀನಿನ ಬಾಟ್ಲಿಗೆ ಹಾಕಿದರೆ ಸ್ವಲ್ಪ ದಿನದಲ್ಲಿ ಗಾಜಿನ ಮೇಲೆ ಸಣ್ಣ ಬಸವನಹುಳು ಕಾಣುತ್ತದೆ. ಅದನ್ನು ಯಾರೂ ತಂದದ್ದಲ್ಲ, ಗಿಡದೊಟ್ಟಿಗೆ ಬಂದದ್ದು. ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂಗೂ ಹೀಗೆ ಒಬ್ಬ ನೆಂಟ ಬರುವುದುಂಟು. ಅದೇ ಆಸ್ಟರಿನಾ ಎಂಬ ಪುಟ್ಟ ನಕ್ಷತ್ರ ಮೀನು. ಕಲ್ಲಿನ ಸಂದಿಯಲ್ಲಿ ಅಡಗಿ ಬರುತ್ತದೆ.

ಇದು ಎಂತದ್ದು?
ಹೆಸರಿನಲ್ಲಿ ಮೀನು ಉಂಟು, ಆದರೆ ಇದು ಮೀನಲ್ಲ. ಬೆನ್ನುಮೂಳೆ ಇಲ್ಲ, ಕಿವಿರು ರೆಕ್ಕೆ ಇಲ್ಲ, ಮೆದುಳೂ ಇಲ್ಲ. ಇದು ಕಂಟಕಚರ್ಮಿಗಳ ಗುಂಪಿನ ಪ್ರಾಣಿ. ಗಾತ್ರ ನಮ್ಮ ಉಗುರಿನಷ್ಟು. ಅಡಿಯಲ್ಲಿ ಸಾಲು ಸಾಲಾಗಿ ಕೊಳವೆಯಂಥ ಪಾದಗಳಿವೆ. ಅದರೊಳಗೆ ನೀರು ತುಂಬಿಸಿಕೊಂಡು ಗಾಜಿಗೆ ಅಂಟಿಕೊಂಡು ನಡೆಯುತ್ತದೆ. ಬಾಯಿ ಅಡಿಭಾಗದ ನಡುವೆ. ಹೊಟ್ಟೆಯನ್ನೇ ಬಾಯಿಂದ ಹೊರಗೆ ಚಾಚಿ ಆಹಾರ ಜೀರ್ಣಿಸಿಕೊಳ್ಳುತ್ತದೆ!

ನಮ್ಮ ಹೊಳೆಯಲ್ಲಿ ಯಾಕಿಲ್ಲ?
ಬಂಟ್ವಾಳದ ನೇತ್ರಾವತಿಯಲ್ಲಾಗಲಿ, ಮೂಡಬಿದಿರೆಯ ಕೆರೆಗಳಲ್ಲಾಗಲಿ ನಕ್ಷತ್ರ ಮೀನು ಸಿಗುವುದಿಲ್ಲ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. ಇದರ ಮೈಯೊಳಗಿನ ನೀರೂ ಅಷ್ಟೇ ಉಪ್ಪು. ಸಿಹಿನೀರಿಗೆ ಹಾಕಿದರೆ ಹೊರಗಿನ ನೀರು ಮೈಯೊಳಗೆ ನುಗ್ಗುತ್ತದೆ. ಅದನ್ನು ಹೊರಹಾಕಲು ಇದಕ್ಕೆ ಮೂತ್ರಪಿಂಡ ಇಲ್ಲ. ಹಾಗಾಗಿ ಸಾಯುತ್ತದೆ.

ಒಂದು ಹೇಗೆ ನೂರಾಗುತ್ತದೆ?
ತೊಟ್ಟಿಯಲ್ಲಿ ಕಾಣುವ ಜಾತಿಗಳು ಹೆಚ್ಚಾಗಿ ತಮ್ಮ ಮೈಯನ್ನೇ ಎರಡಾಗಿ ಸೀಳಿಕೊಳ್ಳುತ್ತವೆ. ಅರ್ಧ ಅರ್ಧವೂ ಉಳಿದ ಕೈಗಳನ್ನು ಬೆಳೆಸಿಕೊಂಡು ಪೂರ್ತಿ ಪ್ರಾಣಿಯಾಗುತ್ತದೆ. ಅದಕ್ಕೇ ಕೆಲವಕ್ಕೆ ಎರಡು ಕೈ ಉದ್ದ, ಮೂರು ಕೈ ಗಿಡ್ಡ. ಕೆಲವಕ್ಕೆ ಆರೇಳು ಕೈಗಳೂ ಉಂಟು. ಲೆಕ್ಕ ಮಾಡಿ: ಒಂದು ಎರಡಾಗಿ, ಎರಡು ನಾಲ್ಕಾಗಿ, ಹತ್ತು ಸಲ ಸೀಳಿ ಎಲ್ಲವೂ ಬದುಕಿದರೆ 1024!

ಹವಳವನ್ನು ತಿನ್ನುತ್ತದೆಯೇ?
ಇಲ್ಲಿಯೇ ಜಗಳ ಇರುವುದು. ಹವಳವೂ ಜೀವಂತ ಪ್ರಾಣಿ. ನಿಧಾನಕ್ಕೆ ಬೆಳೆಯುವಂಥದ್ದು. ಅದರ ಮೇಲೆ ನಕ್ಷತ್ರ ಮೀನು ಕುಳಿತದ್ದು ಕಂಡರೆ "ಇದೇ ಕಳ್ಳ" ಎಂದು ಕೆಲವರು ಎಲ್ಲವನ್ನೂ ಹೆಕ್ಕಿ ಬಿಸಾಡುತ್ತಾರೆ. ಆದರೆ ಹೆಚ್ಚಿನವು ಗಾಜಿನ ಮತ್ತು ಕಲ್ಲಿನ ಮೇಲಿನ ಪಾಚಿಯ ಪದರ ತಿಂದು ಬದುಕುತ್ತವೆ. ಕೆಲವು ಮಾತ್ರ ಹವಳದಂಥ ಜೀವಿಗಳನ್ನು ಕೆರೆಯುವುದುಂಟು. ಸಾಯುತ್ತಿರುವ ಹವಳದ ಮೇಲೆ ಪಾಚಿ ಬೆಳೆದಾಗ ಅದನ್ನು ತಿನ್ನಲು ಬಂದದ್ದೂ ಇರಬಹುದು. ಹಾಗಾದರೆ ಹವಳವನ್ನು ಕೊಂದದ್ದು ಅದಲ್ಲ.

ತೀರ್ಪು ಕೊಡುವ ಮೊದಲು ನೋಡಬೇಕಾದ್ದು:
1. ರಾತ್ರಿ ಟಾರ್ಚ್ ಹಿಡಿದು ವಾರಕ್ಕೊಮ್ಮೆ ಎಣಿಸಿ ಬರೆದಿಡಬೇಕು.
2. ಆರೋಗ್ಯವಾಗಿದ್ದ ಹವಳದ ಮೇಲೆ ದಿನಾ ಕುಳಿತು, ಎದ್ದ ಜಾಗದಲ್ಲಿ ಗಾಯ ಆಗಿದೆಯೇ ನೋಡಬೇಕು. ಹೌದಾದರೆ ಅಂಥದ್ದನ್ನು ಮಾತ್ರ ತೆಗೆಯಬೇಕು.
3. ಸಂಖ್ಯೆ ಏರುತ್ತಿದ್ದರೆ ಮೀನಿಗೆ ಹಾಕುವ ತಿಂಡಿ ಕಡಿಮೆ ಮಾಡಬೇಕು. ತಿಂಡಿ ಹೆಚ್ಚಾದರೆ ಪಾಚಿ ಹೆಚ್ಚು, ಪಾಚಿ ಹೆಚ್ಚಾದರೆ ನೆಂಟರೂ ಹೆಚ್ಚು.

ಹಾರ್ಲೆಕ್ವಿನ್ ಎಂಬ ಬಣ್ಣದ ಸಿಗಡಿ ನಕ್ಷತ್ರ ಮೀನನ್ನೇ ತಿಂದು ಬದುಕುತ್ತದೆ. ಅದನ್ನು ತಂದು ಬಿಟ್ಟರೆ ಆಯಿತಲ್ಲ ಅಂತೀರಾ? ನಕ್ಷತ್ರ ಮೀನು ಮುಗಿದ ಮೇಲೆ ಸಿಗಡಿ ಉಪವಾಸ ಬೀಳುತ್ತದೆ. ಒಂದು ತೊಂದರೆ ಕಳೆಯಲು ಇನ್ನೊಂದು ಜೀವ ತರುವ ಮೊದಲು ಯೋಚಿಸಬೇಕು.

ಮರೆಯಬಾರದ್ದು
ನಮ್ಮ ರಾಜ್ಯದಲ್ಲಿ ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದ ಸುತ್ತ ಹವಳ ಉಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಗೆ 2001ರಲ್ಲಿ ಗಟ್ಟಿ ಹವಳಗಳನ್ನು ಸೇರಿಸಲಾಗಿದೆ. ಹುಲಿಯೂ ಅದೇ ಪಟ್ಟಿಯಲ್ಲಿದೆ. ಚಂದ ಕಂಡಿತೆಂದು ಕಡಲಿನಿಂದ ಹವಳ ಕಿತ್ತು ತರುವುದು ಅಪರಾಧ. ಹಾಗೆಯೇ ತೊಟ್ಟಿಯ ಯಾವ ಜೀವಿಯನ್ನೂ ಹೊಳೆಗೆ, ಕಡಲಿಗೆ ಬಿಡಬಾರದು. ಬೇರೆ ಊರಿನ ಜೀವಿ ಅಲ್ಲಿ ಬೇರೂರಿದರೆ ಆಮೇಲೆ ಹೆಕ್ಕಿ ತೆಗೆಯಲಿಕ್ಕೆ ಆಗುವುದಿಲ್ಲ.

ಮಾಡಿ ನೋಡಿ
ಎರಡು ಬಾಟ್ಲಿಗಳಲ್ಲಿ ಕೆರೆನೀರು, ನೀರುಗಿಡ, ಐದೈದು ಸಣ್ಣ ಬಸವನಹುಳು ಹಾಕಿ. ಒಂದಕ್ಕೆ ಮಾತ್ರ ದಿನಾ ಒಂದಗುಳು ಅನ್ನ ಹಾಕಿ. ತಿಂಗಳು ಕಳೆದು ಎರಡರಲ್ಲೂ ಎಣಿಸಿ. ಯಾವುದರಲ್ಲಿ ಹೆಚ್ಚು? ಯಾವುದರ ನೀರು ಕೆಟ್ಟಿತು? ಉತ್ತರವನ್ನು ಕಾಗದದಲ್ಲಿ ಬರೆದು ಈ ಗೋಡೆಯ ಮೇಲೆಯೇ ಅಂಟಿಸಿ.