ಮಾತು, ತೀರ್ಪು, ನ್ಯಾಯ: ಒಂದು ಕಥಾಪಾಠದ ಅನುಭವ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಶಾಲೆಗಳಿಗೆ ಅಭ್ಯಾಸ ಪಾಠಕ್ಕೆ ಹೋಗುವ ನಮಗೆ ಮಕ್ಕಳಲ್ಲಿ ಸಿದ್ಧವಾಗಿ ಸಿಗುವ ಪೂರ್ವಜ್ಞಾನವೆಂದರೆ ಚನ್ನಮ್ಮ ರಾಣಿ. ಬೈಲಹೊಂಗಲದಲ್ಲಿ ಒಂಬತ್ತನೆಯ ತರಗತಿಗೆ ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕತೆಯನ್ನು ಪೂರಕ ಪಾಠವಾಗಿ ತೆಗೆದುಕೊಂಡಾಗ ನಾನೂ ಅಲ್ಲಿಂದಲೇ ಪೀಠಿಕೆ ಹಾಕಿದೆ. 1824ರಲ್ಲಿ ಕತ್ತಿ ಹಿಡಿಯುವ ಮೊದಲು ರಾಣಿ ಏನು ಮಾಡಿದಳು? ದತ್ತುಪುತ್ರನ ಹಕ್ಕಿಗಾಗಿ ಮುಂಬಯಿ ಗವರ್ನರ್ ಎಲ್ಫಿನ್‌ಸ್ಟನ್‌ಗೆ ಪತ್ರ ಬರೆದಳು. ಕತ್ತಿಗಿಂತ ಮೊದಲು ಮಾತು ಇತ್ತು ಎಂಬುದು ಮಕ್ಕಳಿಗೆ ಹೊಸ ವಿಷಯವಾಗಿತ್ತು.

ಕತೆಯ ಅಶ್ರಫ್ ಗಂಡ ಕೈಬಿಟ್ಟ ಹೆಂಗಸು. ಹೆಣ್ಣುಮಕ್ಕಳಷ್ಟೇ ಹುಟ್ಟಿದರೆಂದು ಅವನು ಇನ್ನೊಂದು ಮದುವೆಯಾಗಿದ್ದಾನೆ. ಧರ್ಮವೇ ತನಗೆ ಕೊಟ್ಟ ಹಕ್ಕುಗಳನ್ನು ತಿಳಿದುಕೊಂಡ ಆಕೆ, ಕಾಯಿಲೆಯ ಕೂಸನ್ನೆತ್ತಿಕೊಂಡು ಮಸೀದಿಗೆ ಹೋಗಿ ಮುತವಲ್ಲಿಯ ಮುಂದೆ ನ್ಯಾಯ ಕೇಳುತ್ತಾಳೆ. ನ್ಯಾಯ ಸಿಗುವುದಿಲ್ಲ, ಕೂಸು ಸಾಯುತ್ತದೆ. ಆಮೇಲೆ ಓಣಿಯ ಹೆಂಗಸರೆಲ್ಲ ಮುತವಲ್ಲಿಗೆ ಶಾಪ ಹಾಕುತ್ತಾರೆ.

ಹೋಲಿಕೆಗೆ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ನಾದಿರಾಳ ಕತೆಯನ್ನು ಸಂಕ್ಷಿಪ್ತವಾಗಿ ಹೇಳಿದೆ. ಆಕೆಯ ತಲಾಖ್ ತಂದೆಯ ಹಟದಿಂದ ನಡೆಯಿತು. ಆಕೆಯ ಮನಸ್ಸನ್ನು ಯಾರೂ ಕೇಳಲಿಲ್ಲ. ಕೊನೆಗೆ ಆಕೆ ಕೆರೆಯ ಪಾಲಾದಳು. ಕಪ್ಪುಹಲಗೆಯ ಮೇಲೆ ಮೂರು ಅಂಕಣ ಎಳೆದೆ: ಯಾರ ಮುಂದೆ ಮಾತು? ಕೇಳಿದ್ದೇನು? ಸಿಕ್ಕಿದ್ದೇನು?

ಮೂರನೆಯ ಅಂಕಣ ತುಂಬುವಾಗ ಒಬ್ಬ ಹುಡುಗಿ ಎದ್ದು ಕೇಳಿದಳು: “ಆಕಿ ಮಾತಾಡಿದ್ಲು ಖರೆ, ಕೂಸು ಸತ್ತಹೋತಲ್ರೀ ಸರ್. ಇದೆಂಥಾ ನ್ಯಾಯ?”

ಉತ್ತರವನ್ನು ನಾನು ಹೇಳದೆ ಪ್ರಶ್ನೆಯನ್ನು ಗುಂಪುಗಳಿಗೆ ಒಪ್ಪಿಸಿದೆ. ಹತ್ತು ನಿಮಿಷದ ಚರ್ಚೆಯಲ್ಲಿ ಎರಡು ಮಾತು ಬಂದವು. ತೀರ್ಪು ಕೊಡುವವನು ಸೋತ. ಆದರೆ ಅವನಿಗೆ ಹೆದರುತ್ತಿದ್ದ ಓಣಿ ಹೆದರುವುದನ್ನು ಬಿಟ್ಟಿತು. ಮುತವಲ್ಲಿಯ ಹೆಂಡತಿ ಅಮೀನಾ, ಗಂಡ ಬೇಡವೆನ್ನುತ್ತಿದ್ದ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಹೊರಟುನಿಂತಳು. ಅಶ್ರಫ್ ಆಡಿದ ಮಾತಿನ ಫಲ ಇನ್ನೊಬ್ಬಳಿಗೆ ದಕ್ಕಿತು. ಆದರೂ ಆ ಹುಡುಗಿ ಒಪ್ಪಲಿಲ್ಲ. “ಕೂಸಿಗೆ ಏನ್ ಸಿಕ್ತು?” ಎಂದಳು. ಅದನ್ನೂ ಹಲಗೆಯ ಮೇಲೆ ಬರೆದು ಹಾಗೇ ಉಳಿಸಿದೆ. ಕತೆ ಕೂಡ ಆ ಪ್ರಶ್ನೆಯನ್ನು ಅಳಿಸುವುದಿಲ್ಲ.

ಈ ಪಾಠ ಮಾಡುವವರಿಗೆ ಮೂರು ಸೂಚನೆಗಳು. ಒಂದು, ಇದು ಒಂದೇ ಸಮುದಾಯದ ದೋಷವೆಂಬ ಭಾವನೆ ಮೂಡಬಾರದು. ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ ಹುಡುಗಿಯರನ್ನು ಮುತ್ತು ಕಟ್ಟಿ ಬಿಡುತ್ತಿದ್ದುದನ್ನು ತಡೆಯಲು ನಮ್ಮ ರಾಜ್ಯಕ್ಕೆ 1982ರ ದೇವದಾಸಿ ನಿಷೇಧ ಕಾಯ್ದೆ ಬೇಕಾಯಿತು. ಎರಡು, “ನಿಮ್ಮ ಮನೆಯಲ್ಲಿ ಹೀಗಾಗಿದೆಯೇ?” ಎಂದು ತರಗತಿಯಲ್ಲಿ ಎಂದೂ ಕೇಳಬಾರದು. ಪಾತ್ರದ ಮರೆಯಲ್ಲಿ ಮಗು ಧೈರ್ಯವಾಗಿ ಮಾತಾಡುತ್ತದೆ. ಆ ಮರೆಯನ್ನು ನಾವು ಕಿತ್ತುಹಾಕಬಾರದು. ಮೂರು, ಮಗು ತಾನಾಗಿ ಬಂದು ಹೇಳಿಕೊಂಡರೆ ಪೂರ್ತಿ ಕೇಳಿಸಿಕೊಳ್ಳಬೇಕು, ಮುಖ್ಯೋಪಾಧ್ಯಾಯರಿಗೆ ತಿಳಿಸಬೇಕು. 1098 ಮಕ್ಕಳ ಸಹಾಯವಾಣಿಯ ಸಂಖ್ಯೆ ಎಲ್ಲ ಮಕ್ಕಳಿಗೂ ಗೊತ್ತಿರಬೇಕು.

ಮೌಲ್ಯಮಾಪನಕ್ಕೆ ಸಾರಾಂಶ ಬರೆಸಲಿಲ್ಲ. ಅಶ್ರಫ್ ಪರವಾಗಿ ಮುತವಲ್ಲಿಗೆ ಒಂದು ಅರ್ಜಿ ಬರೆಯಿರಿ ಎಂದೆ. ಯಾರಿಗೆ, ಯಾವ ಹಕ್ಕಿನಿಂದ, ಏನನ್ನು ಕೇಳುತ್ತೇವೆ ಎಂಬುದು ಅರ್ಜಿಯಲ್ಲಿ ಸ್ಪಷ್ಟವಾಗಲೇಬೇಕು. ಪತ್ರಲೇಖನದ ಕಲಿಕಾಂಶವೂ ಇದರಲ್ಲೇ ಸಾಧಿತವಾಗುತ್ತದೆ. ಬಂದ ಅರ್ಜಿಗಳಲ್ಲಿ ಹೆಚ್ಚಿನವು “ದಯವಿಟ್ಟು” ಎಂದು ಶುರುವಾಗಿದ್ದವು. ಕೆಲವು ಮಾತ್ರ “ನನಗೆ ಬರಬೇಕಾದದ್ದು” ಎಂದಿದ್ದವು. ದಯೆಗೂ ಹಕ್ಕಿಗೂ ಇರುವ ಈ ಅಂತರವೇ ಮುಂದಿನ ಅವಧಿಯ ಪಾಠವಾಯಿತು.